ಚಿತ್ರದುರ್ಗದ ತಾರಸಿಯಿಂದ: ಜೋಡಿ ನಕ್ಷತ್ರದ ನೀಹಾರಿಕೆ ಎಷ್ಟು ಬೆಳೆದಿದೆ ಅಂತ ಅಳೆಯೋದು ಹೇಗೆ?

ಮೂರು ಭಾನುವಾರ ಕೂತು ಅಳತೆ ಮಾಡಿದೆ. ಕೊನೆಗೆ ಉತ್ತರ ಬಂತು: ನೀಹಾರಿಕೆ ಕುಗ್ಗುತ್ತಿದೆ! ಗಂಟೆಗೆ ಲಕ್ಷಗಟ್ಟಲೆ ಕಿಲೋಮೀಟರ್ ವೇಗದಲ್ಲಿ ಹೊರಗೆ ಹಾರುತ್ತಿರುವ ಅನಿಲ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಒಳಗೆ ಸರಿಯುತ್ತಿತ್ತು. ತಪ್ಪು ಆಕಾಶದ್ದಲ್ಲ, ನನ್ನದು. ಎಲ್ಲಿ ಎಡವಿದೆ ಅಂತ ಗೊತ್ತಾಗಲು ಇನ್ನೂ ಎರಡು ಭಾನುವಾರ ಹಿಡಿಯಿತು. ನಿಮಗೆ ಅಷ್ಟು ಭಾನುವಾರ ಖರ್ಚಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನು ಕಮ್ಮಿ. ಒಂದು ಲ್ಯಾಪ್‌ಟಾಪ್ (ಹಳೆಯದಾದರೂ ನಡೆಯುತ್ತೆ), ಇಂಟರ್ನೆಟ್, ಹತ್ತನೇ ಕ್ಲಾಸಿನ ಲೆಕ್ಕ, ಒಂದು ನೋಟ್‌ಬುಕ್. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಟೆಲಿಸ್ಕೋಪ್ ಬೇಡ.

ಮೊದಲು ಆಸಾಮಿಗಳ ಪರಿಚಯ

ಸಹಜೀವಿ ನಕ್ಷತ್ರ ಅಂದರೆ ಒಂದಲ್ಲ, ಎರಡು. ಒಂದು ಕೆಂಪು ದೈತ್ಯ: ವಯಸ್ಸಾಗಿ ಉಬ್ಬಿ, ಮೈಮೇಲಿನ ಅನಿಲವನ್ನು ಹಿಡಿದಿಟ್ಟುಕೊಳ್ಳಲಾಗದ ನಕ್ಷತ್ರ. ಇನ್ನೊಂದು ಸಾಮಾನ್ಯವಾಗಿ ಶ್ವೇತ ಕುಬ್ಜ: ಭೂಮಿಯಷ್ಟೇ ಗಾತ್ರ, ಆದರೆ ಸೂರ್ಯನ ತೂಕಕ್ಕೆ ಹತ್ತಿರ, ಮೈ ಲಕ್ಷ ಡಿಗ್ರಿಯಷ್ಟು ಬಿಸಿ. ದೈತ್ಯ ಬಿಟ್ಟ ಗಾಳಿಯನ್ನು ಕುಬ್ಜ ಒಂದಿಷ್ಟು ಎಳೆದುಕೊಳ್ಳುತ್ತೆ, ಉಳಿದದ್ದನ್ನು ತನ್ನ ನೇರಳಾತೀತ ಬೆಳಕಿನಿಂದ ಹೊಳೆಯುವಂತೆ ಮಾಡುತ್ತೆ. ಆ ಹೊಳೆಯುವ ಅನಿಲವೇ ನಮ್ಮ ನೀಹಾರಿಕೆ.

ಇಂಥ ನಕ್ಷತ್ರಗಳ ವರ್ಣಪಟಲ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ನೋಡಿದ ಮೊದಲಿಗರು ತಲೆ ಕೆರೆದುಕೊಂಡಿದ್ದರು. ತಣ್ಣಗಿನ ನಕ್ಷತ್ರದ ಗುರುತೂ ಇದೆ, ಸಿಕ್ಕಾಪಟ್ಟೆ ಬಿಸಿ ಅನಿಲದ ಗುರುತೂ ಇದೆ, ಎರಡೂ ಒಂದೇ ಚುಕ್ಕೆಯಲ್ಲಿ! ಅಮೆರಿಕದ ಪಾಲ್ ಮೆರಿಲ್ 1941ರಲ್ಲಿ ಇವಕ್ಕೆ 'ಸಿಂಬಯಾಟಿಕ್' ಅಂತ ಹೆಸರಿಟ್ಟರು. ಕೂಡಿ ಬಾಳುವ ಜೀವಿಗಳಿಗೆ ಜೀವಶಾಸ್ತ್ರದವರು ಬಳಸುವ ಪದ. ಸಹಬಾಳ್ವೆ ಅನ್ನೋಕೆ ಇಲ್ಲಿ ಕೊಡುವವನು ಒಬ್ಬನೇ, ತಗೊಳ್ಳುವವನು ಇನ್ನೊಬ್ಬ. ಇರಲಿ.

ಆಕಾರದ ವಿಷಯಕ್ಕೆ ಬರೋಣ. ಈ ನೀಹಾರಿಕೆಗಳಲ್ಲಿ ತುಂಬಾ ಕಡೆ ಕಾಣುವುದು ಮರಳು ಗಡಿಯಾರದ ಆಕಾರ. ನಡು ಸಣ್ಣ, ಎರಡೂ ಕಡೆ ಉಬ್ಬು. ಯಾಕೆ? ಒಂದು ಬಲೂನಿನ ಸೊಂಟಕ್ಕೆ ದಾರ ಕಟ್ಟಿ ಊದಿ ನೋಡಿ. ದಾರ ಇದ್ದಲ್ಲಿ ಹಿಗ್ಗಲಾರದು, ಹಾಗಾಗಿ ಎರಡು ಪಕ್ಕಕ್ಕೆ ಉಬ್ಬುತ್ತೆ. ಜೋಡಿ ನಕ್ಷತ್ರ ಒಂದನ್ನೊಂದು ಸುತ್ತುವ ಸಮತಲದಲ್ಲಿ ದೈತ್ಯನ ಗಾಳಿ ದಟ್ಟವಾಗಿ ಸೇರಿಕೊಳ್ಳುತ್ತೆ. ಅದೇ ದಾರ. ದೈತ್ಯನ ಗಾಳಿ ನಿಧಾನ, ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್. ಕುಬ್ಜ ಸಿಡಿದಾಗ ಹೊರಡುವ ಗಾಳಿ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್. ವೇಗದ ಗಾಳಿಗೆ ಸೊಂಟದ ಕಡೆ ದಾರಿ ಇಲ್ಲ, ಮೇಲೂ ಕೆಳಗೂ ನುಗ್ಗುತ್ತೆ.

ಕುಬ್ಜ ಒಂದಕ್ಕಿಂತ ಹೆಚ್ಚು ಸಲ ಸಿಡಿದರೆ ಒಂದರೊಳಗೊಂದು ಸುತ್ತು ಹುಟ್ಟುತ್ತೆ, ನಮ್ಮ ಕೋಟೆಯ ಹಾಗೆ. ವ್ಯತ್ಯಾಸ ಇಷ್ಟೇ: ಕೋಟೆಯ ಏಳು ಸುತ್ತು ನಿಂತಲ್ಲೇ ನಿಂತಿವೆ, ಇವು ನಡೆಯುತ್ತಿವೆ. ಎಷ್ಟು ನಡೆದಿವೆ ಅನ್ನೋದೇ ನಮ್ಮ ಕೆಲಸ.

ಹಂತ 1: ಗುರಿ ಆರಿಸಿ

ಎಲ್ಲ ಸಹಜೀವಿ ನಕ್ಷತ್ರಕ್ಕೂ ಕಣ್ಣಿಗೆ ಬೀಳುವ ನೀಹಾರಿಕೆ ಇಲ್ಲ. ಹೆಚ್ಚಿನವು ದೊಡ್ಡ ಟೆಲಿಸ್ಕೋಪಿನಲ್ಲೂ ಬರೀ ಚುಕ್ಕೆ. ಆಕಾರ ಬಿಡಿಸಿ ಕಾಣುವವು ಬಹುಪಾಲು ಧೂಳು ತುಂಬಿದ ಜಾತಿಯವು. ಅವುಗಳಲ್ಲಿನ ದೈತ್ಯ 'ಮೀರಾ' ಬಗೆಯದು, ಅಂದರೆ ಒಂದು ವರ್ಷದ ಆಸುಪಾಸಿನ ಅವಧಿಯಲ್ಲಿ ಉಬ್ಬಿ ಇಳಿದು ಬೆಳಕು ಏರಿಳಿಸುವ ನಕ್ಷತ್ರ.

ನಾನು ಹೇಳುವುದು ಎರಡೇ ಗುರಿ.

ಒಂದು, ಕುಂಭ ರಾಶಿಯ ಆರ್ ಅಕ್ವೇರಿ. ನಮಗೆ ಹತ್ತಿರದ ಸಹಜೀವಿಗಳಲ್ಲಿ ಒಂದು. ದೈತ್ಯ 387 ದಿನಕ್ಕೊಮ್ಮೆ ಬೆಳಕು ಏರಿಳಿಸುತ್ತೆ. ಜೋಡಿ ಸುಮಾರು 42-44 ವರ್ಷಕ್ಕೆ ಒಂದು ಸುತ್ತು ಹಾಕುತ್ತೆ. ಇದಕ್ಕೆ ಹೊರಗೊಂದು ದೊಡ್ಡ ಮರಳು ಗಡಿಯಾರ, ಒಳಗೊಂದು ಚಿಕ್ಕದು, ನಡುವಿನಿಂದ ಚಿಮ್ಮುವ ಅನಿಲದ ಧಾರೆ, ಎಲ್ಲವೂ ಇದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು.

ಎರಡು, ಸೆಂಟಾರಸ್ ಅನ್ನೋ ಕಿನ್ನರ ನಕ್ಷತ್ರಪುಂಜದ 'ದಕ್ಷಿಣದ ಏಡಿ' ನೀಹಾರಿಕೆ. ಇದನ್ನು ಹಬಲ್ ಟೆಲಿಸ್ಕೋಪ್ 1990ರ ದಶಕದ ಕೊನೆಯಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಚಿತ್ರ ತೆಗೆದಿದೆ. 2019ರ ಚಿತ್ರ ಹಬಲ್‌ನ 29ನೇ ಹುಟ್ಟುಹಬ್ಬಕ್ಕೆ ಬಿಟ್ಟದ್ದು. ಏಡಿಯ ಕಾಲು ಅಂತ ಕಾಣುವುದು ಹೊರಗಿನ ಮರಳು ಗಡಿಯಾರದ ಅಂಚು ಮಾತ್ರ. ಚಿತ್ರದುರ್ಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅದು ದಕ್ಷಿಣದಲ್ಲಿ 24 ಡಿಗ್ರಿಯಷ್ಟೇ ಏರುತ್ತೆ, ಬೈನಾಕ್ಯುಲರಿಗೆ ದಕ್ಕುವುದಿಲ್ಲ. ಹಾಗಾಗಿ ಅದು ಬರೀ ಲ್ಯಾಪ್‌ಟಾಪಿನ ಗುರಿ.

ಮೊದಲ ಸಲಕ್ಕೆ ಆರ್ ಅಕ್ವೇರಿಯೇ ಸರಿ. ಮುಂದಿನ ಲೆಕ್ಕವೆಲ್ಲ ಅದರದ್ದೇ.

ಹಂತ 2: ಒಂದು ಸಲ ಕಣ್ಣಾರೆ ನೋಡಿ

ಅಳತೆಗೆ ಇದು ಬೇಕಿಲ್ಲ. ಆದರೂ ಬಿಡಬೇಡಿ. ಮುಖ ನೋಡದ ನಕ್ಷತ್ರದ ಮೇಲೆ ಐದು ಭಾನುವಾರ ಖರ್ಚು ಮಾಡಲು ಮನಸ್ಸು ಬರುವುದಿಲ್ಲ.

ನಮ್ಮ ಊರಿಂದ ಇದು ಚೆನ್ನಾಗಿ ಸಿಗುತ್ತೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತುಂಬಾ ಮೇಲೇರಿದಾಗ 60 ಡಿಗ್ರಿ ಎತ್ತರ. ಚಿತ್ರದುರ್ಗವಾದರೂ ಅಷ್ಟೇ, ದಾವಣಗೆರೆಯಾದರೂ ಅಷ್ಟೇ. ಅಕ್ಟೋಬರ್ ಕೊನೆಗೆ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ನವೆಂಬರ್ ಮಧ್ಯಕ್ಕೆ ಎಂಟೂವರೆಯ ಹೊತ್ತಿಗೆ ಅಷ್ಟು ಎತ್ತರಕ್ಕೆ ಬಂದಿರುತ್ತೆ. ದೀಪಾವಳಿಯ ಎರಡು ಮೂರು ದಿನ ಬಿಟ್ಟುಬಿಡಿ. ಪಟಾಕಿ ಹೊಗೆಯಲ್ಲಿ ಗುರುಗ್ರಹವೇ ಮಂಕಾಗಿರುತ್ತೆ.

ಹುಡುಕುವುದು ಹೀಗೆ. ಕುಂಭದ ಸ್ಕಾಟ್ ಮತ್ತು ತಿಮಿಂಗಿಲದ ದಿಫ್ದಾ, ಈ ಎರಡು ನಕ್ಷತ್ರಗಳನ್ನು ಗುರುತಿಸಿ. ಇವೆರಡರ ನಡುವೆ ಗೆರೆ ಎಳೆದರೆ, ಗೆರೆಯ ಮಧ್ಯಕ್ಕಿಂತ ಸ್ವಲ್ಪ ಮೇಲೆ, ಉತ್ತರದ ಕಡೆಗೆ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಒಮೆಗಾ-2 ಅಕ್ವೇರಿ ಇದೆ. ಅದಕ್ಕೆ ಬೈನಾಕ್ಯುಲರ್ ಹಿಡಿಯಿರಿ. ಅಲ್ಲಿಂದ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ಒಂದೂವರೆ ಹುಣ್ಣಿಮೆ ಚಂದ್ರನಷ್ಟು ಸರಿದರೆ ನಮ್ಮ ನಕ್ಷತ್ರ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಇದ್ದರೆ ಇನ್ನೂ ಸುಲಭ. ಕೆಂಪು ಛಾಯೆಯೇ ಗುರುತು. ಬೆಳಕು ತುಂಬಿದಾಗ ಆರನೇ ಕಾಂತಿಮಾನದ ಆಸುಪಾಸು, ಇಳಿದಾಗ ಹನ್ನೊಂದರ ಆಸುಪಾಸು (ಅಂಕಿ ದೊಡ್ಡದಾದಷ್ಟೂ ಬೆಳಕು ಮಂಕು). ಇಳಿದ ಕಾಲದಲ್ಲಿ ಬೈನಾಕ್ಯುಲರಿಗೆ ಕಾಣದು. ಹೋಗುವ ಮುಂಚೆ ಎಎವಿಎಸ್‌ಒ ಅನ್ನೋ ಚಂಚಲ ನಕ್ಷತ್ರ ವೀಕ್ಷಕರ ಸಂಘದ ತಾಣದಲ್ಲಿ ಈಗ ಎಷ್ಟು ಬೆಳಕಿದೆ ಅಂತ ನೋಡಿಕೊಳ್ಳಿ. ನೀಹಾರಿಕೆಯಂತೂ ಬೈನಾಕ್ಯುಲರಿನಲ್ಲಿ ಕಾಣುವುದೇ ಇಲ್ಲ, ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಎಲ್ಲಿಂದ ನೋಡೋದು? ಜೋಗಿಮಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕಾಡು, ರಾತ್ರಿ ಹೋಗುವ ಜಾಗ ಅಲ್ಲ. ಅದೂ ಅಲ್ಲದೆ ನಮ್ಮ ಗುಡ್ಡಗಳ ತುಂಬಾ ಗಾಳಿಯಂತ್ರ, ಅವುಗಳ ತಲೆಯ ಮೇಲೆ ಕೆಂಪು ದೀಪ. ಊರಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ, ಗೊತ್ತಿರುವವರ ಹೊಲದಲ್ಲಿ ನಿಂತರೆ ಸಾಕು. ಚಳ್ಳಕೆರೆ, ಹಿರಿಯೂರು ಕಡೆ ಮಳೆ ಕಮ್ಮಿ ಅಂತ ರೈತರು ಗೋಳಾಡುತ್ತಾರೆ. ಆಕಾಶ ನೋಡುವವರಿಗೆ ಮಾತ್ರ ಅದೇ ಲಾಭ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆ.

ಹಂತ 3: ಚಿತ್ರ ಇಳಿಸಿಕೊಳ್ಳಿ

ಕನಿಷ್ಠ ಎರಡು ಚಿತ್ರ ಬೇಕು. ಒಂದು ಹಳೆಯದು, ಒಂದು ಹೊಸದು. ನಡುವೆ ಎಷ್ಟು ಜಾಸ್ತಿ ವರ್ಷ ಇದ್ದರೆ ಅಷ್ಟು ಒಳ್ಳೆಯದು.

ಹಬಲ್ ಚಿತ್ರಗಳು 'ಮ್ಯಾಸ್ಟ್' ಅನ್ನೋ ಭಂಡಾರದಲ್ಲಿ ಬಿಟ್ಟಿ ಸಿಗುತ್ತವೆ. ಖಾತೆ ಕೂಡ ಬೇಕಿಲ್ಲ. ಇಡೀ ಆಕಾಶದ ಹಳೆಯ ಫೋಟೋ ಫಲಕಗಳನ್ನು ಸ್ಕ್ಯಾನ್ ಮಾಡಿದ 'ಡಿಎಸ್‌ಎಸ್' ಸಂಗ್ರಹವೂ ಹಾಗೆಯೇ. ಚಿತ್ರವನ್ನು ಜೆಪೆಗ್‌ನಲ್ಲಿ ಇಳಿಸಬೇಡಿ, ಫಿಟ್ಸ್ ಫೈಲ್ ಕೇಳಿ. ಜೆಪೆಗ್ ಮದುವೆ ಫೋಟೋ ಇದ್ದ ಹಾಗೆ, ಚೆಂದ ಕಾಣಲು ತಿದ್ದಿರುತ್ತಾರೆ. ಫಿಟ್ಸ್‌ನಲ್ಲಿ ಕ್ಯಾಮೆರಾ ಕಂಡದ್ದು ಅಂಕಿಗಳಾಗಿಯೇ ಇರುತ್ತೆ, ಜೊತೆಗೆ ಹೆಡರ್ ಅನ್ನೋ ಚೀಟಿಯೂ ಇರುತ್ತೆ. ಆ ಚೀಟಿಯಿಂದ ಮೂರು ವಿಷಯ ನೋಟ್‌ಬುಕ್ಕಿಗೆ ಬರೆದುಕೊಳ್ಳಿ: ತೆಗೆದ ತಾರೀಖು, ಫಿಲ್ಟರ್ (ಯಾವ ಬಣ್ಣದ ಬೆಳಕನ್ನು ಮಾತ್ರ ಒಳಬಿಟ್ಟರು ಅನ್ನೋದು), ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್.

ನಾನು ಎಡವಿದ್ದು ಇಲ್ಲೇ. ಡಿಎಸ್‌ಎಸ್‌ನಲ್ಲಿ ಮೊದಲು ಕಂಡ ಫೈಲನ್ನು ಸುಮ್ನೆ ಇಳಿಸಿದೆ. ಅದು ನೀಲಿ ಬೆಳಕಿನ ಫಲಕ. ಎರಡನೆಯದು ಕೆಂಪು ಬೆಳಕಿನದು. ನೀಲಿ-ಹಸಿರಿನ ಕಡೆ ಕಾಣುವುದು ಹೆಚ್ಚಾಗಿ ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕು. ಕೆಂಪಿನಲ್ಲಿ ಕಾಣುವುದು ಜಲಜನಕದ 656.3, ಅದರ ಪಕ್ಕದಲ್ಲೇ ಸಾರಜನಕದ 658.4. ಈ ಮೂರೂ ನೀಹಾರಿಕೆಯ ಒಂದೇ ಜಾಗದಿಂದ ಬರುವುದಿಲ್ಲ. ಬಿಸಿ ಜಾಸ್ತಿ ಇರುವಲ್ಲಿ ಆಮ್ಲಜನಕ, ತಂಪಾದ ಅಂಚುಗಳಲ್ಲಿ, ಅನಿಲ ಒತ್ತಾಗಿ ಸೇರಿದ ಗಂಟುಗಳಲ್ಲಿ ಸಾರಜನಕ. ಅಂದರೆ ನಾನು ಅಪ್ಪನ ಬಾಲ್ಯದ ಫೋಟೋ ಇಟ್ಟುಕೊಂಡು ಮಗನ ಎತ್ತರ ಅಳೆದಿದ್ದೆ.

ಹಾಗಾಗಿ ನಿಯಮ: ಎರಡೂ ಚಿತ್ರ ಒಂದೇ ಫಿಲ್ಟರ್. ಸಿಗದಿದ್ದರೆ ಅಳೆಯಲೇಬೇಡಿ. ಇನ್ನೊಂದು ಜೋಡಿ ಹುಡುಕಿ.

ಪಿಕ್ಸೆಲ್ ವಿಷಯದಲ್ಲೂ ಎಚ್ಚರ. ಡಿಎಸ್‌ಎಸ್‌ನ ಮೊದಲ ತಲೆಮಾರಿನ ಚಿತ್ರದಲ್ಲಿ ಪಿಕ್ಸೆಲ್‌ಗೆ 1.7 ಆರ್ಕ್‌ಸೆಕೆಂಡ್, ಎರಡನೆಯದರಲ್ಲಿ 1. ಹಬಲ್‌ನ ಈಗಿನ ಕ್ಯಾಮೆರಾದಲ್ಲಿ 0.04. ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್.

ಹಂತ 4: ಹೊಂದಿಸಿ (ಇಲ್ಲೇ ಅರ್ಧ ದಿನ ಹೋಗುತ್ತೆ, ಹೋಗಲಿ)

'ಡಿಎಸ್ 9' ಅನ್ನೋ ಬಿಟ್ಟಿ ತಂತ್ರಾಂಶ ಹಾಕಿಕೊಳ್ಳಿ. ಎರಡೂ ಫೈಲ್ ತೆರೆಯಿರಿ. ಫ್ರೇಮ್ ಮೆನುವಿನಲ್ಲಿ ಆಕಾಶದ ಅಕ್ಷಾಂಶ-ರೇಖಾಂಶಕ್ಕೆ ಹೊಂದಿಸುವ ಆಯ್ಕೆ ಇದೆ, ಒತ್ತಿ. ಆಮೇಲೆ ಬ್ಲಿಂಕ್ ಒತ್ತಿದರೆ ಹಳೆಯದು, ಹೊಸದು, ಹಳೆಯದು, ಹೊಸದು ಅಂತ ಕಣ್ಣು ಮಿಟುಕಿಸಿದ ಹಾಗೆ ಬದಲಾಗುತ್ತೆ.

ಈಗ ನೀಹಾರಿಕೆ ನೋಡಬೇಡಿ. ಆಸೆ ಆಗುತ್ತೆ, ಆದರೂ ಬೇಡ. ಸುತ್ತಲಿನ ಸಾದಾ ನಕ್ಷತ್ರಗಳನ್ನು ನೋಡಿ. ಅವು ನಿಂತಲ್ಲೇ ನಿಂತಿವೆಯಾ, ಕುಣಿಯುತ್ತಿವೆಯಾ? ಎಲ್ಲವೂ ಒಂದೇ ಕಡೆ ಕುಣಿದರೆ ಚಿತ್ರ ಜರುಗಿದೆ. ವೃತ್ತದಲ್ಲಿ ಕುಣಿದರೆ ತಿರುಗಿದೆ. ಮಧ್ಯದಿಂದ ಹೊರಕ್ಕೆ ಕುಣಿದರೆ ಅಳತೆಪಟ್ಟಿಯೇ ತಪ್ಪಿದೆ. ಈ ಮೂರನೆಯದು ಅಪಾಯಕಾರಿ, ಯಾಕೆಂದರೆ ಅದು ಥೇಟ್ ನೀಹಾರಿಕೆ ಬೆಳೆದ ಹಾಗೇ ಕಾಣುತ್ತೆ. ನೀಹಾರಿಕೆಯ ನಾಲ್ಕೂ ಪಕ್ಕಕ್ಕೆ ಹರಡಿದ ಹತ್ತು ಹನ್ನೆರಡು ನಕ್ಷತ್ರವಾದರೂ ಕದಲದೆ ನಿಲ್ಲಬೇಕು. ಎಲ್ಲೋ ಒಂದೆರಡು ಮಾತ್ರ ಕದಲಿದರೆ ಚಿಂತೆ ಇಲ್ಲ, ಅವು ನಿಜವಾಗಿಯೂ ಆಕಾಶದಲ್ಲಿ ಸರಿಯುವ ನಕ್ಷತ್ರಗಳಿರಬಹುದು. ಅವನ್ನು ಪಟ್ಟಿಯಿಂದ ತೆಗೆಯಿರಿ.

ನಡುವಿನ ನಕ್ಷತ್ರ ಬಲೂನಿನ ಹಾಗೆ ಉಬ್ಬಿ, ನಾಲ್ಕು ಮೂಲೆಗೆ ಮುಳ್ಳು ಬಿಟ್ಟಿರುತ್ತೆ. ಅದು ಕ್ಯಾಮೆರಾ ತುಂಬಿ ಚೆಲ್ಲಿದ ಬೆಳಕು, ನೀಹಾರಿಕೆ ಅಲ್ಲ. ಅದರ ಹತ್ತಿರದ ಏನನ್ನೂ ಅಳೆಯಬೇಡಿ.

ಹಂತ 5: ಅಳೆಯಿರಿ

ದಾವಣಗೆರೆಯಿಂದ ಅಕ್ಕನ ಮಗಳು ರಜೆಗೆ ಬಂದಿದ್ದಾಗ ಅವಳಿಗೆ ಕಲಿಸಿದ ಕ್ರಮ ಇದು. ಎರಡೂ ಚಿತ್ರವನ್ನು ಒಂದೇ ಅಳತೆಯಲ್ಲಿ, ಬಣ್ಣ ತಿರುಗಿಸಿ (ಬಿಳಿ ಹಾಳೆಯ ಮೇಲೆ ಕಪ್ಪು ನೀಹಾರಿಕೆ) ಪ್ರಿಂಟ್ ಹಾಕಿಸಿದೆವು. ಹಳೆಯ ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ನಕ್ಷತ್ರಗಳಿಗೆ ಚುಕ್ಕೆ, ನೀಹಾರಿಕೆಯ ಗಂಟುಗಳಿಗೆ ಪುಟ್ಟ ವೃತ್ತ ಹಾಕಿಸಿದೆ. "ಬೆಣ್ಣೆ ದೋಸೆ ಊರಿನವಳಿಗೆ ಬಟರ್ ಪೇಪರ್ ಕೊಟ್ರಲ್ಲ ಮಾಮ" ಅಂತ ನಕ್ಕಳು. ಆ ಹಾಳೆಯನ್ನು ಹೊಸ ಚಿತ್ರದ ಮೇಲೆ ಇಟ್ಟಳು. ನಕ್ಷತ್ರದ ಚುಕ್ಕೆಗಳೆಲ್ಲ ಕೂತವು. ವೃತ್ತಗಳು ಮಾತ್ರ ಗಂಟುಗಳ ಮೇಲೆ ಕೂರಲಿಲ್ಲ. ಎಲ್ಲವೂ ಒಂದು ಕೂದಲೆಳೆ ಒಳಗೇ ಉಳಿದಿದ್ದವು. ನಗು ನಿಂತಿತು.

ಬಟರ್ ಪೇಪರ್ ಕಣ್ಣಿಗೆ ನಂಬಿಕೆ ತರಿಸಲು. ಅಂಕಿ ಬೇಕಾದರೆ ಎರಡು ದಾರಿ ಇದೆ.

ಮೊದಲನೆಯದು ಗಂಟುಗಳನ್ನು ಹಿಂಬಾಲಿಸುವುದು. ಎರಡೂ ಚಿತ್ರದಲ್ಲಿ ಒಂದೇ ಆಕಾರ ಉಳಿಸಿಕೊಂಡ, ಚೂಪಾದ ಗಂಟು ಐದಾರು ಆರಿಸಿ. ಡಿಎಸ್ 9ರಲ್ಲಿ ನಕ್ಷತ್ರದಿಂದ ಗಂಟಿಗೆ ಗೆರೆ ಎಳೆದರೆ ಉದ್ದವನ್ನು ಆರ್ಕ್‌ಸೆಕೆಂಡಿನಲ್ಲಿ ತೋರಿಸುತ್ತೆ. ಒಂದೊಂದನ್ನೂ ಐದು ಸಲ ಅಳೆಯಿರಿ, ಸರಾಸರಿ ತಗೊಳ್ಳಿ.

ಎರಡನೆಯದು ನನಗೆ ಜಾಸ್ತಿ ಇಷ್ಟ: ಹಿಗ್ಗಿಸುವ ವಿಧಾನ. ಹಳೆಯ ಚಿತ್ರವನ್ನು ನಕ್ಷತ್ರವನ್ನೇ ಕೇಂದ್ರವಾಗಿಟ್ಟು 1.01 ಪಟ್ಟು, 1.02 ಪಟ್ಟು, ಹೀಗೆ ಹಿಗ್ಗಿಸುತ್ತಾ ಹೋಗಿ, ಪ್ರತಿ ಸಲ ಹೊಸ ಚಿತ್ರದಿಂದ ಕಳೆಯಿರಿ. ಹೊಂದದಿದ್ದರೆ ಅಂಚಿನ ಉದ್ದಕ್ಕೂ ಕಪ್ಪು-ಬಿಳಿ ಜೋಡಿ ಗೆರೆ ಉಳಿಯುತ್ತೆ. ಎಷ್ಟು ಪಟ್ಟು ಹಿಗ್ಗಿಸಿದಾಗ ಆ ಗೆರೆ ಮಾಯವಾಗುತ್ತೋ ಅದೇ ಉತ್ತರ. ಹಿನ್ನೆಲೆಯ ನಕ್ಷತ್ರಗಳು ಈಗ ಎರಡೆರಡಾಗಿ ಕಾಣುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ವಯಸ್ಸು, ವೇಗ

"ದೊಡ್ಡದಾಗ್ತೈತೆ, ಸರಿ. ಎಷ್ಟು ವರ್ಷ ಆತು ಅಂತ ಹೆಂಗ್ ಗೊತ್ತಾಗುತ್ತೆ ಮಾಮ?"

ದಾವಣಗೆರೆ ಬಸ್ ಸ್ಟ್ಯಾಂಡಿನಿಂದ ಒಂದೇ ಗಳಿಗೆಗೆ ಮೂವರು ಹೊರಟರು ಅಂದುಕೊಳ್ಳಿ. ಒಬ್ಬ ನಡೆದು, ಒಬ್ಬ ಸೈಕಲ್ಲಿನಲ್ಲಿ, ಒಬ್ಬ ಬಸ್ಸಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ ನಡೆಯುವವ 5 ಕಿಲೋಮೀಟರ್ ದೂರ, ಸೈಕಲ್ಲಿನವ 15, ಬಸ್ಸಿನವ 60 ಕಿಲೋಮೀಟರ್ ದಾಟಿ ಚಿತ್ರದುರ್ಗದಲ್ಲಿ. ಹೊರಟು ಎಷ್ಟು ಹೊತ್ತಾಯಿತು? ಯಾರ ದೂರವನ್ನು ಅವರ ವೇಗದಿಂದ ಭಾಗಿಸಿದರೂ ಒಂದೇ ಉತ್ತರ, ಒಂದು ಗಂಟೆ. ದೂರ ಇರುವವನೇ ವೇಗದವನು. ಒಂದೇ ಸಿಡಿತದಲ್ಲಿ ಹುಟ್ಟಿದ ನೀಹಾರಿಕೆಯೂ ಹೀಗೆಯೇ ಹಿಗ್ಗುತ್ತೆ. ಹಾಗಾಗಿ ಆಕಾರ ಕೆಡದೆ ದೊಡ್ಡದಾಗುತ್ತೆ. ಹಿಗ್ಗಿಸುವ ವಿಧಾನ ನಡೆಯುವುದೂ ಇದೇ ಕಾರಣಕ್ಕೆ.

ಸೂತ್ರ ಚಿಕ್ಕದು. ಎರಡು ಚಿತ್ರದ ನಡುವಿನ ವರ್ಷವನ್ನು, ಹಿಗ್ಗಿದ ಪಟ್ಟಿನಿಂದ 1 ಕಳೆದು ಬಂದದ್ದರಿಂದ ಭಾಗಿಸಿ. ಹಳೆಯ ಚಿತ್ರ ತೆಗೆದ ದಿನಕ್ಕೆ ನೀಹಾರಿಕೆಯ ವಯಸ್ಸು ಬರುತ್ತೆ. 20 ವರ್ಷದ ಅಂತರಕ್ಕೆ 1.031 ಪಟ್ಟು ಅಂದರೆ 20 ಭಾಗಿಸು 0.031, ಸುಮಾರು 645 ವರ್ಷ. ಎಷ್ಟು ಸೂಕ್ಷ್ಮ ನೋಡಿ: 1.035 ಅಂತ ಓದಿಬಿಟ್ಟರೆ 571 ವರ್ಷ, 1.027 ಅಂದರೆ 741. ಮೂರನೇ ದಶಮಾಂಶದ ಕೈ ನಡುಕಕ್ಕೆ ನೂರು ವರ್ಷ ಆಚೀಚೆ! ಹಂತ 4ರಲ್ಲಿ ಅರ್ಧ ದಿನ ಹೋಗಲಿ ಅಂದದ್ದು ಇದಕ್ಕೇ.

ಆರ್ ಅಕ್ವೇರಿಗೆ ಪರಿಣತರ ಉತ್ತರ ಏನು? 1985ರಲ್ಲಿ ಸೋಲ್ಫ್ ಮತ್ತು ಉಲ್ರಿಚ್ ವರ್ಣಪಟಲದಿಂದ ವೇಗ ಅಳೆದು, ಹೊರ ಗಡಿಯಾರಕ್ಕೆ 640 ವರ್ಷ, ಒಳಗಿನದಕ್ಕೆ 185 ವರ್ಷ ಅಂದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹಿಗ್ಗಿಸುವ ವಿಧಾನದಿಂದಲೇ ಹೊರಗಿನದಕ್ಕೆ ಸುಮಾರು 650 ವರ್ಷ ಕಂಡುಕೊಂಡಿತು. ನಮ್ಮ ಕಾಲಮಾನಕ್ಕೆ ಹೇಳುವುದಾದರೆ, ಹೊರಗಿನ ಸುತ್ತು ಹೊರಟದ್ದು ಭೂಮಿಯಿಂದ ಕಾಣುತ್ತಿದ್ದದ್ದು ವಿಜಯನಗರ ಶುರುವಾದ (1336) ಆಸುಪಾಸಿನಲ್ಲಿ. ಒಳಗಿನದು ದುರ್ಗ ಹೈದರಾಲಿಯ ಕೈಗೆ ಹೋಗಿ (1779) ಇಪ್ಪತ್ತು ವರ್ಷದ ಈಚೆಗೆ. ಬೆಳಕು ಇಲ್ಲಿಗೆ ಬರಲು ಹಿಡಿದ ನೂರಾರು ವರ್ಷ ಬೇರೆ ಲೆಕ್ಕ, ಅದನ್ನು ಇಲ್ಲಿ ಬೆರೆಸಬೇಡಿ.

ಇನ್ನು ವೇಗ. ಹೊರ ಗಡಿಯಾರದ ಸೊಂಟ ನಕ್ಷತ್ರದಿಂದ ಸುಮಾರು 42 ಆರ್ಕ್‌ಸೆಕೆಂಡ್ ದೂರ. 650 ವರ್ಷಕ್ಕೆ 42 ಅಂದರೆ ವರ್ಷಕ್ಕೆ 0.065 ಆರ್ಕ್‌ಸೆಕೆಂಡ್. ಹತ್ತು ವರ್ಷದಲ್ಲಿ 0.65. ಹಬಲ್‌ನ ಚಿತ್ರದಲ್ಲಿ ಇದು 16 ಪಿಕ್ಸೆಲ್, ಕಣ್ಣಿಗೆ ಹೊಡೆಯುತ್ತೆ. ಡಿಎಸ್‌ಎಸ್‌ನಲ್ಲಿ ಒಂದು ಪಿಕ್ಸೆಲ್ ಕೂಡ ಇಲ್ಲ. ಡಿಎಸ್‌ಎಸ್ ಬಳಸುವವರು ಕನಿಷ್ಠ ಮೂವತ್ತು ನಲವತ್ತು ವರ್ಷದ ಅಂತರ ಹುಡುಕಬೇಕು ಅನ್ನೋದು ಇದಕ್ಕೆ.

ಕಿಲೋಮೀಟರಿಗೆ ತಿರುಗಿಸಲು: 4.74 ಗುಣಿಸು ವರ್ಷಕ್ಕೆ ಸರಿದ ಆರ್ಕ್‌ಸೆಕೆಂಡ್ ಗುಣಿಸು ಪಾರ್ಸೆಕ್‌ನಲ್ಲಿ ದೂರ. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ. ದೂರ 200 ಪಾರ್ಸೆಕ್ ಆದರೆ ಸೆಕೆಂಡಿಗೆ 62 ಕಿಲೋಮೀಟರ್, 400 ಆದರೆ 123. ಆರ್ ಅಕ್ವೇರಿಯ ದೂರಕ್ಕೆ ಒಬ್ಬೊಬ್ಬರದ್ದು ಒಂದೊಂದು ಅಂಕಿ ಇದೆ, ಹೆಚ್ಚುಕಮ್ಮಿ ಈ ಎರಡರ ನಡುವೆ. ಯಾವ ದೂರ ಬಳಸಿದಿರಿ ಅಂತ ವೇಗದ ಪಕ್ಕದಲ್ಲೇ ಬರೆಯಿರಿ. ವಯಸ್ಸಿಗೆ ಮಾತ್ರ ದೂರದ ಹಂಗಿಲ್ಲ, ಗಮನಿಸಿದಿರಾ? ಅದಕ್ಕೇ ನಾನು ಮೊದಲು ವಯಸ್ಸು, ಆಮೇಲೆ ವೇಗ ಅನ್ನುವುದು.

ಇದನ್ನೇ ತಿರುಗಿಸಿ ಹಾಕಿದರೆ ದೂರವೇ ಸಿಗುತ್ತೆ. ವರ್ಣಪಟಲದ ಪ್ರಕಾರ ಸೊಂಟದ ವೇಗ ಸೆಕೆಂಡಿಗೆ 55 ಕಿಲೋಮೀಟರ್. 55 ಭಾಗಿಸು (4.74 ಗುಣಿಸು 0.065), ಸುಮಾರು 180 ಪಾರ್ಸೆಕ್. ಬೇರೆ ದಾರಿಯಲ್ಲಿ ಅಳೆದವರು ಇದಕ್ಕಿಂತ ಜಾಸ್ತಿ ಹೇಳುತ್ತಾರೆ. ಆ ವ್ಯತ್ಯಾಸ ಯಾಕೆ ಬರುತ್ತೆ ಅನ್ನೋದಕ್ಕೆ ಒಂದು ಸುಳಿವು ಮುಂದಿನ ಹಂತದಲ್ಲಿದೆ.

ಇದೇ ಲೆಕ್ಕವನ್ನು ವೇಗದ ಗಿರಾಕಿಯ ಮೇಲೂ ಮಾಡಿ ನೋಡಿ, ಮಜಾ ಬರುತ್ತೆ. ಸರ್ಪಧಾರಿಯ ಆರ್‌ಎಸ್ ಒಫಿಯುಚಿ ಕೂಡ ಸಹಜೀವಿ, ಆದರೆ ಪದೇ ಪದೇ ಸಿಡಿಯುತ್ತೆ. 1985, 2006, 2021ರಲ್ಲಿ ಸಿಡಿಯಿತು. 2021ರ ಆಗಸ್ಟ್‌ನಲ್ಲಿ ಕೆಲವು ದಿನ ಬರಿಗಣ್ಣಿಗೂ ಕಂಡಿತ್ತು. 2006ರಲ್ಲಿ ಸಿಡಿದ 155ನೇ ದಿನ ಹಬಲ್ ನೋಡಿದಾಗ ನೀಹಾರಿಕೆ ಪೂರ್ವ-ಪಶ್ಚಿಮವಾಗಿ 0.36 ಆರ್ಕ್‌ಸೆಕೆಂಡ್ ಹರಡಿತ್ತು, ಅಂದರೆ ನಡುವಿನಿಂದ 0.18. ದೂರ 1600 ಪಾರ್ಸೆಕ್ ಅಂತ ಹಿಡಿಯಿರಿ. 0.18 ಗುಣಿಸು 1600 ಅಂದರೆ 288, ಇದು ಭೂಮಿ-ಸೂರ್ಯರ ದೂರದ ಲೆಕ್ಕದಲ್ಲಿ. 155 ದಿನಕ್ಕೆ ಅಷ್ಟು ದೂರ ಅಂದರೆ ಸೆಕೆಂಡಿಗೆ 3200 ಕಿಲೋಮೀಟರ್! ಆರ್ ಅಕ್ವೇರಿಯ ಸೊಂಟ ಇದರ ಮುಂದೆ ಎತ್ತಿನಗಾಡಿ.

ಹಂತ 7: ಬೆಳಕು ಸರಿದದ್ದೋ, ವಸ್ತು ಸರಿದದ್ದೋ?

ಈ ಹಂತವನ್ನು ಹೊಸಬರೆಲ್ಲ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ.

ರಾತ್ರಿ ಕೋಟೆಯ ಗೋಡೆ ಉದ್ದಕ್ಕೂ ಟಾರ್ಚ್ ಹಾಯಿಸಿ. ಬೆಳಕಿನ ವೃತ್ತ ಓಡುತ್ತೆ. ಕಲ್ಲು ಓಡಿತಾ? ನೀಹಾರಿಕೆಯಲ್ಲೂ ಹೀಗಾಗುತ್ತೆ. ಕುಬ್ಜನ ನೇರಳಾತೀತ ಬೆಳಕು ಒಂದು ದಿನ ಒಂದು ಕಡೆ ಜಾಸ್ತಿ ತಲುಪಬಹುದು, ಇನ್ನೊಂದು ಕಾಲಕ್ಕೆ ಧೂಳು ಅಡ್ಡ ಬರಬಹುದು. ಆಗ ನಿಂತ ಅನಿಲವೇ ಒಂದು ಕಡೆ ಆರಿ, ಪಕ್ಕದಲ್ಲಿ ಹೊತ್ತಿಕೊಳ್ಳುತ್ತೆ. ಫೋಟೋದಲ್ಲಿ ಗಂಟು ಸರಿದ ಹಾಗೆ ಕಾಣುತ್ತೆ. ಆಘಾತದ ಅಲೆ ಹಾದು ಹೋಗುವಾಗಲೂ ಅಷ್ಟೇ: ಅಲೆಯ ವೇಗ ಒಂದು, ಅನಿಲದ ವೇಗ ಇನ್ನೊಂದು. ಫೋಟೋದಿಂದ ಒಂದು ದೂರ, ವರ್ಣಪಟಲದಿಂದ ಇನ್ನೊಂದು ದೂರ ಬರಲು ಇಂಥವೂ ಕಾರಣ.

ಆರ್ ಅಕ್ವೇರಿಯ ಹೊರ ಗಡಿಯಾರ ಈ ವಿಷಯದಲ್ಲಿ ಸಭ್ಯಸ್ಥ. ಒಳಗಿನ ಧಾರೆ ಮಾತ್ರ ತುಂಟ. 2014ರಿಂದ 2023ರವರೆಗಿನ ಹಬಲ್ ಚಿತ್ರಗಳನ್ನು ಜೋಡಿಸಿ 2024ರಲ್ಲಿ ಬಿಟ್ಟ ವಿಡಿಯೋ ನೋಡಿ. ಧಾರೆಯ ಎಳೆಗಳು ತಿರುಚಿಕೊಳ್ಳುತ್ತವೆ, ಕೆಲವು ಗಂಟು ಹೊಳೆದು ಮಂಕಾಗುತ್ತವೆ, ಎಲ್ಲವೂ ನೇರ ಹೊರಗೆ ಹೋಗುವುದಿಲ್ಲ. ಧಾರೆಯ ಅನಿಲ ಗಂಟೆಗೆ 16 ಲಕ್ಷ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಚಿಮ್ಮುತ್ತೆ ಅಂತ ನಾಸಾ ಹೇಳುತ್ತೆ. ಅಲ್ಲಿ ಒಂದು ಗಂಟನ್ನು ಹಿಡಿದು ವಯಸ್ಸು ಹೇಳಿದರೆ ಮೋಸ ಹೋಗುವುದು ಖಂಡಿತ.

ನಾನು ಮಾಡುವ ಪರೀಕ್ಷೆ ಹೀಗಿದೆ. ಗಂಟು ಸರಿದ ದಿಕ್ಕು ನಕ್ಷತ್ರದಿಂದ ನೇರ ಹೊರಕ್ಕೆ ಇದೆಯಾ? ಪಕ್ಕಕ್ಕೆ ಜಾರಿದ್ದರೆ ಅನುಮಾನಿಸಿ. ಎರಡೂ ಚಿತ್ರದಲ್ಲಿ ಹೊಳಪು ಹೆಚ್ಚುಕಮ್ಮಿ ಅಷ್ಟೇ ಇದೆಯಾ? ದುಪ್ಪಟ್ಟಾಗಿದ್ದರೆ ಬಿಟ್ಟುಬಿಡಿ. ಬೇರೆ ಫಿಲ್ಟರಿನ ಜೋಡಿಯಲ್ಲೂ ಅಷ್ಟೇ ಸರಿದಿದೆಯಾ? ಮೂರಕ್ಕೂ ಹೌದು ಅಂದರೆ ವಸ್ತುವೇ ಸರಿದಿದೆ ಅಂತ ಧೈರ್ಯವಾಗಿ ಬರೆಯಿರಿ. ಮೂರು ಚಿತ್ರ, ಮೂರು ಕಾಲ ಸಿಕ್ಕರೆ ಇನ್ನೂ ಗಟ್ಟಿ.

ಇನ್ನೊಂದು ವಿಷಯ. ನೀಹಾರಿಕೆ ನಮ್ಮ ಕಡೆಗೆ ವಾಲಿರುತ್ತೆ. ಫೋಟೋ ತೋರಿಸುವುದು ಅಡ್ಡಕ್ಕೆ ಸರಿದದ್ದನ್ನು ಮಾತ್ರ. ಹಾಗಾಗಿ ಉಬ್ಬುಗಳಲ್ಲಿ ನೀವು ಅಳೆದ ವೇಗ ನಿಜಕ್ಕಿಂತ ಕಮ್ಮಿಯೇ ಇರುತ್ತೆ, ಜಾಸ್ತಿ ಅಲ್ಲ. ಸೊಂಟದ ತುದಿಗಳಲ್ಲಿ ಈ ತೊಂದರೆ ಕಮ್ಮಿ, ಮೊದಲ ಸಲ ಅಲ್ಲೇ ಅಳೆಯಿರಿ.

ಹೋದ ವಾರ ದಾವಣಗೆರೆಯಿಂದ ಫೋನ್ ಬಂತು. "ಮಾಮ, ನಂಗೆ 580 ವರ್ಷ ಬಂತು. ತಪ್ಪಾತಾ?"

"ಹೊಂದಿಸೋಕೆ ಎಷ್ಟು ನಕ್ಷತ್ರ ತಗೊಂಡೆ?"

"ಮೂರು."

"ಎಲ್ಲಿದ್ದಾವೆ?"

ಸ್ವಲ್ಪ ಹೊತ್ತು ಮಾತಿಲ್ಲ. ಮೌಸ್ ಟಿಕ್ ಟಿಕ್ ಅನ್ನೋದು ಕೇಳಿಸಿತು. "ಮೂರೂ ಒಂದೇ ಪಕ್ಕಕ್ಕೆ ಅದಾವೆ."

"ಇನ್ನೊಂಬತ್ತು ಹುಡುಕು. ನಾಲ್ಕೂ ಕಡೆ."